ಮೊದಲ ಪಾಯಿಂಟ್ ಎಲ್ಲಿ ಹಾಕ್ತೀರಿ?

ನಾನು ತಿಕೋಟಾ ತಾಲೂಕಿನ ಹೊನವಾಡದ ಹುಡುಗ. ಮನೆಯಲ್ಲಿ ದ್ರಾಕ್ಷಿ ಪಡ, ನಾನು ವಿಜಯಪುರದಲ್ಲಿ ರೂಮ್ ಮಾಡ್ಕೊಂಡು ಡಿಪ್ಲೊಮಾ ಓದ್ತಿದ್ದೀನಿ. ಇವತ್ತು ಮಾತಾಡೋದು ರೋಲ್ ಪ್ಲೇಯಿಂಗ್ ಗೇಮ್ ಬಗ್ಗೆ, ಅಂದ್ರೆ ಆರ್‌ಪಿಜಿ. ಅದರಲ್ಲೂ ಆಟ ಶುರುವಾಗೋ ಮೊದಲೇ ಬರೋ ಒಂದು ಸ್ಕ್ರೀನ್ ಬಗ್ಗೆ. ನಿಮ್ಮ ಪಾತ್ರ ಯಾರು, ಅವನಿಗೆ ಶಕ್ತಿ ಎಷ್ಟು, ಬುದ್ಧಿ ಎಷ್ಟು ಅಂತ ಕೇಳುತ್ತಲ್ಲ, ಆ ಸ್ಕ್ರೀನ್. ಪಾಯಿಂಟ್‌ಗಳನ್ನ ಎಲ್ಲೆಲ್ಲಿ ಹಾಕಿ ಎಂಥ ಪಾತ್ರ ಕಟ್ತೀರಿ ಅನ್ನೋದಕ್ಕೆ ಬಿಲ್ಡ್ ಅಂತಾರೆ. ಅಲ್ಲಿ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡ್ತೀನಿ.

ನಾನು ಆಡಿದ ಮೊದಲ ದೊಡ್ಡ ಆರ್‌ಪಿಜಿ ಎಲ್ಡನ್ ರಿಂಗ್. 2022ರ ಫೆಬ್ರವರಿಯಲ್ಲಿ ಬಂದ ಆಟ. ರೂಮಿನ ಗೆಳೆಯನ ಹತ್ರ ಗೇಮಿಂಗ್ ಲ್ಯಾಪ್‌ಟಾಪ್ ಇತ್ತು, ಅವನು ಊರಿಗೆ ಹೋದಾಗ ನನಗೆ ಹಬ್ಬ. ಈ ಆಟದಲ್ಲಿ ಶುರುವಿಗೆ ಹತ್ತು ಕ್ಲಾಸ್ ಇವೆ. ನಾನು ಸಮುರಾಯ್ ತಗೊಂಡೆ, ನೋಡೋಕೆ ಚೆನ್ನಾಗಿದ್ದ, ಕತ್ತಿ ಜೊತೆ ಬಿಲ್ಲೂ ಇತ್ತು. ಎಂಟು ಗುಣಗಳು: ಜೀವ, ಮನಸ್ಸು, ತಾಳ್ಮೆ, ಶಕ್ತಿ, ಚುರುಕು, ಬುದ್ಧಿ, ನಂಬಿಕೆ, ಆರ್ಕೇನ್. ಸಮುರಾಯ್ 9ನೇ ಲೆವೆಲ್‌ನಿಂದ ಶುರು. ಒಂದು ಲೆವೆಲ್ ಏರಿದ್ರೆ ಒಂದು ಪಾಯಿಂಟ್. ನಾನು 25ನೇ ಲೆವೆಲ್‌ಗೆ ಬಂದಾಗ ಕೈಗೆ ಸಿಕ್ಕಿದ್ದು 16 ಪಾಯಿಂಟ್. ಎಂಟು ಗುಣಕ್ಕೂ ಎರಡೆರಡು ಹಾಕಿದ್ದೆ. ಯಾರಿಗೂ ಬೇಜಾರಾಗಬಾರದು ನೋಡ್ರಿ!

ಮಾರ್ಗಿಟ್ ಅನ್ನೋ ಬಾಸ್ ಹತ್ರ ನಾಲ್ಕು ದಿನ ಸತ್ತೆ. ಎರಡು ಏಟು, ನೆಲ. ಎರಡು ಏಟು, ನೆಲ. ಗೆಳೆಯ ವಾಪಸ್ ಬಂದವನು ನನ್ನ ಸ್ಟ್ಯಾಟ್ ತೆಗೆದು ನೋಡಿ ನಗೋಕೆ ಶುರು ಮಾಡಿದ. "ಲೇ, ಇದೇನೋ ಇದು? ಓಣಿಗೆಲ್ಲ ಹೋಳಿಗಿ ಹಂಚಿದಂಗ ಹಂಚೀಯಲ್ಲೋ. ಒಂದ ಮಂತ್ರಾನೂ ಬರೂದಿಲ್ಲ ನಿನಗ, ನಂಬಿಕೆಗೆ ಯಾಕ ಎರಡು?"

ಅವನು ಆಮೇಲೆ ಹೇಳಿದ ಲೆಕ್ಕ ಇವತ್ತಿಗೂ ನನಗೆ ನೆನಪಿದೆ. ಜೀವ, ಆಟದಲ್ಲಿ ಅದಕ್ಕೆ ವಿಗರ್ ಅಂತಾರೆ. ವಿಗರ್ 10 ಇದ್ದಾಗ ನಿಮ್ಮ ಆರೋಗ್ಯ 414. ಅದನ್ನ 40ಕ್ಕೆ ಏರಿಸಿದ್ರೆ 1450. 60ಕ್ಕೆ ಏರಿಸಿದ್ರೆ 1900. ಆದ್ರೆ 60ರಿಂದ 99ರವರೆಗೆ ಇನ್ನೂ 39 ಪಾಯಿಂಟ್ ಸುರಿದ್ರೂ ಸಿಗೋದು ಬರೀ 200. ಅಂದ್ರೆ ಮೊದಲಿನ ಪಾಯಿಂಟ್ ಕೊಡೋ ಫಲ ಕೊನೆಯ ಪಾಯಿಂಟ್ ಕೊಡಲ್ಲ. ಇದಕ್ಕೆ ಆಟಗಾರರು ಸಾಫ್ಟ್ ಕ್ಯಾಪ್ ಅಂತಾರೆ. ಎಲ್ಲಿವರೆಗೆ ಹಾಕಿದ್ರೆ ಲಾಭ, ಎಲ್ಲಿಂದ ಮುಂದೆ ದಂಡ ಅಂತ ಹೇಳೋ ಗೆರೆ ಅದು.

ಹಂಗಾಗಿ ಹೊಸದಾಗಿ ಆಡೋರಿಗೆ ನನ್ನ ಮೊದಲ ಮಾತು: ಶುರುವಿನ ಪಾಯಿಂಟ್ ಎರಡೇ ಕಡೆ ಹಾಕಿ. ಒಂದು, ಬದುಕಿ ಉಳಿಯೋಕೆ. ಇನ್ನೊಂದು, ನಿಮ್ಮ ಕೈಯಲ್ಲಿರೋ ಆಯುಧ ಯಾವ ಗುಣ ಕೇಳ್ತದೋ ಅದಕ್ಕೆ. ಮೂರನೆಯದರ ಚಿಂತೆ ಆಮೇಲೆ. ಇನ್ನೊಂದು ಗುಟ್ಟು ಏನಪ್ಪಾ ಅಂದ್ರೆ, ಶುರುವಿನಲ್ಲಿ ಪಾಯಿಂಟ್‌ಗಿಂತ ಆಯುಧ ಮೇಲ್ದರ್ಜೆಗೆ ಏರಿಸೋದೇ ಜಾಸ್ತಿ ಕೆಲಸ ಮಾಡ್ತದೆ. ಆಟ ಶುರುವಾದ ಕೂಡಲೇ ಸಿಗೋ ಚರ್ಚ್ ಆಫ್ ಎಲ್ಲೆಯಲ್ಲಿ ಒಂದು ಮೇಜಿದೆ, ಅಲ್ಲೇ ಕತ್ತಿಯನ್ನ ಪ್ಲಸ್ 3ವರೆಗೂ ಏರಿಸಬಹುದು. ನಾನು ಅದರ ಮುಂದೆ ಹತ್ತು ಸಲ ಓಡಾಡಿದ್ದೆ, ನಿಂತು ನೋಡಿರಲಿಲ್ಲ.

ಇದೇ ಮಾತು ಬಾಲ್ಡರ್ಸ್ ಗೇಟ್ 3ರಲ್ಲಿ ಇನ್ನೂ ಚೊಲೋ ಕಾಣ್ತದೆ. 2023ರ ಆಗಸ್ಟ್‌ನಲ್ಲಿ ಬಂದ ಆಟ, ಕೆಳಗೆ ಓಡೋದು 1974ರಲ್ಲಿ ಹುಟ್ಟಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮ. ಆರು ಗುಣ, ಹಂಚೋಕೆ 27 ಪಾಯಿಂಟ್. ಎಲ್ಲವೂ 8ರಿಂದ ಶುರು. ಮೇಲೆ ಹೋದಂಗೆ ದುಬಾರಿ: 10 ಬೇಕಂದ್ರೆ 2 ಪಾಯಿಂಟ್, 14 ಬೇಕಂದ್ರೆ 7, 15 ಬೇಕಂದ್ರೆ 9. ಜೊತೆಗೆ ಆಟವೇ ಒಂದು ಗುಣಕ್ಕೆ ಪ್ಲಸ್ 2, ಇನ್ನೊಂದಕ್ಕೆ ಪ್ಲಸ್ 1 ಕೊಡ್ತದೆ. ಮಂತ್ರಗಾರ, ಅಂದ್ರೆ ವಿಝರ್ಡ್ ಮಾಡ್ತೀರಿ ಅಂತಿಟ್ಕೊಳ್ಳಿ. ಬುದ್ಧಿ 17, ಚುರುಕು 16, ಮೈಗಟ್ಟು 14, ವಿವೇಕ 10. ಅಲ್ಲಿಗೆ 27 ಖಾಲಿ. ಶಕ್ತಿ 8, ಮಾತಿನ ಮೋಡಿ 8.

ಆ ಎರಡು 8 ಇದಾವಲ್ಲ, ಅಲ್ಲೇ ಎಲ್ಲರಿಗೂ ಹೊಟ್ಟೆ ಉರಿಯೋದು. ನನ್ನ ಹೀರೋ ಒಂದು ಪೆಟ್ಟಿಗೆ ಎತ್ತಲಾರ, ನಾಲ್ಕು ಸಿಹಿ ಮಾತಾಡಲಾರ ಅಂತ. ಆದ್ರೆ ನಿಮ್ಮ ಜೊತೆ ಇನ್ನೂ ಮೂರು ಜನ ಇರ್ತಾರೆ. ಎತ್ತೋಕೆ ಒಬ್ಬ, ಮಾತಾಡೋಕೆ ಒಬ್ಬ. ಬಿಲ್ಡ್ ಚೊಲೋ ಇದೆಯೋ ಇಲ್ಲವೋ ನೋಡೋಕೆ ನಾನು ಈಗ 17 ಎಲ್ಲಿದೆ ಅಂತ ನೋಡೋದೇ ಇಲ್ಲ. 8 ಎಲ್ಲಿದೆ ಅಂತ ನೋಡ್ತೀನಿ. ಏನನ್ನ ಬಿಟ್ಟುಕೊಟ್ಟಿದ್ದೀನಿ ಅಂತ ಗೊತ್ತಿಲ್ಲದವನು ಬಿಲ್ಡ್ ಮಾಡಿಲ್ಲ, ಬರೀ ಹಂಚಿದ್ದಾನೆ.

ಎರಡನೇ ಮಾತು ತಿದ್ದುಪಡಿ ಬಗ್ಗೆ. ಹಾಕಿದ ಪಾಯಿಂಟ್ ವಾಪಸ್ ತಗೊಂಡು ಮತ್ತೆ ಹಂಚೋದಕ್ಕೆ ರೆಸ್ಪೆಕ್ ಅಂತಾರೆ. 2000ದಲ್ಲಿ ಡಯಾಬ್ಲೊ 2 ಬಂದಾಗ ಅದರಲ್ಲಿ ರೆಸ್ಪೆಕ್ ಇರಲಿಲ್ಲ. ತಪ್ಪಾಯ್ತು ಅಂದ್ರೆ ಹೊಸ ಪಾತ್ರ, ಮೊದಲಿನಿಂದ ಆಟ. ತಿದ್ದೋ ಅವಕಾಶ ಬಂದಿದ್ದು ಹತ್ತು ವರ್ಷ ಆದ ಮೇಲೆ, 2010ರ ಪ್ಯಾಚ್‌ನಲ್ಲಿ. ಈಗಿನ ಆಟಗಳು ಮೃದು. ಎಲ್ಡನ್ ರಿಂಗ್‌ನಲ್ಲಿ ರೆನ್ನಾಲಾಳನ್ನ ಗೆದ್ದ ಮೇಲೆ ಲಾರ್ವಲ್ ಟಿಯರ್ ಅನ್ನೋ ವಸ್ತು ಕೊಟ್ಟು ಎಲ್ಲ ಬದಲಾಯಿಸಬಹುದು, ಆದ್ರೆ ಆ ವಸ್ತು ಲೆಕ್ಕದಷ್ಟೇ ಸಿಗೋದು. ಬಾಲ್ಡರ್ಸ್ ಗೇಟ್ 3ರಲ್ಲಿ ವಿದರ್ಸ್ ಅನ್ನೋ ಅಸ್ಥಿಪಂಜರದಂಥ ಮುದುಕನಿಗೆ 100 ಬಂಗಾರದ ನಾಣ್ಯ ಕೊಟ್ರೆ ಕ್ಲಾಸೇ ಬದಲು.

ಹಂಗಂತ ಎಲ್ಲವೂ ಬದಲಾಗಲ್ಲ. ಮುಂದಿನ ಎರಡು ಸಾಲಿನಲ್ಲಿ ಕಥೆ ಸ್ವಲ್ಪ ಹೊರಗೆ ಬೀಳ್ತದೆ, ಬೇಡ ಅನ್ನೋರು ಹತ್ತು ಸೆಕೆಂಡ್ ಮುಂದೆ ಹೋಗಿ. ಅದೇ ಆಟದಲ್ಲಿ ಶುರುವಿನಲ್ಲೇ ಒಂದು ಆಶ್ರಯದ ಊರು ಬರ್ತದೆ, ಎಮರಾಲ್ಡ್ ಗ್ರೋವ್. ಗಾಬ್ಲಿನ್‌ಗಳ ಜೊತೆ ಸೇರಿ ಅದನ್ನ ನಾಶ ಮಾಡಿದ್ರೆ ಕಾರ್ಲಕ್, ವಿಲ್ ಇಬ್ಬರೂ ನಿಮ್ಮನ್ನ ಬಿಟ್ಟು ಹೋಗ್ತಾರೆ. ವಿದರ್ಸ್‌ಗೆ ಸಾವಿರ ನಾಣ್ಯ ಕೊಟ್ರೂ ವಾಪಸ್ ಬರಲ್ಲ.

ಲ್ಯಾಪ್‌ಟಾಪ್ ಇಲ್ಲ, ಬರೀ ಫೋನ್ ಇದೆ ಅನ್ನೋರಿಗೆ ಸ್ಟಾರ್ಡ್ಯೂ ವ್ಯಾಲಿ ಹೇಳ್ತೀನಿ. ಎರಿಕ್ ಬರೋನ್ ಅನ್ನೋ ಒಬ್ಬನೇ ಕೂತು ಮಾಡಿದ ಒಕ್ಕಲುತನದ ಆಟ. 2016ರಲ್ಲಿ ಬಂತು, 2019ರಿಂದ ಆಂಡ್ರಾಯ್ಡ್‌ನಲ್ಲೂ ಇದೆ. ಕೈಗೆ 500 ನಾಣ್ಯ, 15 ಬೀಜ ಕೊಟ್ಟು ಹೊಲಕ್ಕೆ ಬಿಡ್ತಾರೆ. ಹೊಸಬರು ಮೊದಲ ವಾರವೇ ಎಲ್ಲ ರೊಕ್ಕ ಖಾಲಿ ಮಾಡ್ತಾರೆ. ಮಾಡಬೇಡಿ. ವಸಂತದ 13ನೇ ತಾರೀಖಿಗೆ ಒಂದು ಹಬ್ಬ ಬರ್ತದೆ, ಆ ಋತುವಿನಲ್ಲಿ ಸ್ಟ್ರಾಬೆರಿ ಬೀಜ ಮಾರೋದು ಅಲ್ಲೇ, ಒಂದಕ್ಕೆ 100. ಅವತ್ತೇ ಬಿತ್ತಿದ್ರೆ ತಿಂಗಳು ಮುಗಿಯೋದರೊಳಗೆ ಎರಡು ಸಲ ಕೊಯ್ಲು. ಅಲ್ಲಿವರೆಗೆ ಮೀನು ಹಿಡೀರಿ, ರೊಕ್ಕ ಕೂಡಿಡ್ರಿ.

ಇಲ್ಲೂ ತಿದ್ದೋದು, ತಿದ್ದಲಾಗದ್ದು ಎರಡೂ ಇವೆ. ಕೌಶಲ 5ನೇ, 10ನೇ ಲೆವೆಲ್‌ಗೆ ಬಂದಾಗ ಒಂದೊಂದು ವೃತ್ತಿ ಆರಿಸಬೇಕು. ಬೇಡ ಅನ್ನಿಸಿದ್ರೆ ಚರಂಡಿಯೊಳಗಿನ ಒಂದು ಮೂರ್ತಿಗೆ 10,000 ನಾಣ್ಯ ಹಾಕಿ ಬದಲಾಯಿಸಬಹುದು. ಆದ್ರೆ ಜೋಜಾ ಅನ್ನೋ ಕಂಪನಿಗೆ 5,000 ಕೊಟ್ಟು ಸದಸ್ಯ ಆದಿರೋ, ಊರಿನ ಹಳೇ ಸಮುದಾಯ ಭವನ ಮುಗೀತು. ಆ ಆಟದಲ್ಲಿ ಮತ್ತೆ ತೆರೆಯಲ್ಲ. ಶುರುವಿನಲ್ಲಿ ಆರಿಸಿದ ಹೊಲದ ನಕ್ಷೆಯೂ ಹಂಗೆ, ಆಮೇಲೆ ಬದಲಾಗಲ್ಲ.

ಹೊಲದ ನಕ್ಷೆ ಅಂದ ಕೂಡಲೇ ನನಗೆ ನಮ್ಮ ಅಪ್ಪ ನೆನಪಾಗ್ತಾನೆ. ನಮ್ಮ ಕಡೆ ದ್ರಾಕ್ಷಿ ಹಚ್ಚೋವಾಗ ಮೊದಲು ಡಾಗ್‌ರಿಡ್ಜ್ ಅನ್ನೋ ಕಾಡು ಬಳ್ಳಿ ಹಚ್ತಾರೆ. ಉಪ್ಪಿನ ನೆಲ, ನೀರಿನ ಬರ ಎರಡನ್ನೂ ತಡ್ಕೊಳ್ಳೋ ಬೇರು ಅದು. ಅದು ಬೇರು ಬಿಟ್ಟ ಮೇಲೆ, ತಿನ್ನೋ ದ್ರಾಕ್ಷಿಯ ಕಡ್ಡಿ ತಂದು ಕಸಿ ಕಟ್ತಾರೆ. ಮೇಲಿನ ಜಾತಿ ಬೇಡ ಅನ್ನಿಸಿದ್ರೆ ಮತ್ತೆ ಕಸಿ ಕಟ್ಟಬಹುದು, ಒಂದೆರಡು ವರ್ಷದ ಬೆಳೆ ಹೋಗ್ತದೆ ಅಷ್ಟೇ. ವರ್ಷಕ್ಕೆರಡು ಸಲ, ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟ್ನಿ ಮಾಡಿ ಬಳ್ಳಿಗೆ ಹೊಸ ದಾರಿ ತೋರಿಸಬಹುದು. ಆದ್ರೆ ಸಾಲಿನ ಅಂತರ? ಅದು ಮೊದಲ ದಿನ ಹಗ್ಗ ಹಿಡಿದು ಬಿಟ್ಟಷ್ಟೇ. ಅಪ್ಪ ನಾಲ್ಕು ಬಳ್ಳಿ ಜಾಸ್ತಿ ಕೂಡಲಿ ಅಂತ ಸಾಲು ಸಣ್ಣದು ಬಿಟ್ಟಿದ್ದ. ಈಗ ಸಣ್ಣ ಟ್ರ್ಯಾಕ್ಟರ್ ಕೂಡ ಒಳಗೆ ಹೋಗಲ್ಲ. ಇವತ್ತಿಗೂ ನಾವು ಪೈಪ್ ಎಳ್ಕೊಂಡೇ ಎಣ್ಣಿ ಹೊಡಿತೀವಿ. "ಹಗ್ಗಾ ಹಿಡಿಯೂ ಮುಂದ ಟ್ರ್ಯಾಕ್ಟರ್ ನೆನಪಾಗಲಿಲ್ಲೋ ತಮ್ಮಾ" ಅಂತ ಹೊಡಿಯೋವಾಗೆಲ್ಲ ಅಂತಾನೆ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ನಾನು ಪಿಯುಸಿಯಲ್ಲಿ ಸೈನ್ಸ್ ತಗೊಂಡೆ. ಕೇಳಿದವರೆಲ್ಲ ಒಂದೇ ಮಾತು: ಸೈನ್ಸ್ ತಗೋ, ಎಲ್ಲ ಬಾಗಿಲೂ ತೆರೆದಿರ್ತಾವ. ಅದು ಸುಳ್ಳಲ್ಲ. ಸೈನ್ಸ್ ಓದಿದವನು ಆಮೇಲೆ ಬಿಎಗೂ ಹೋಗಬಹುದು, ಬಿಕಾಂಗೂ ಹೋಗಬಹುದು. ಆರ್ಟ್ಸ್, ಕಾಮರ್ಸ್ ಓದಿದವನು ಎಂಜಿನಿಯರಿಂಗ್‌ಗೆ ಹೋಗೋಕಾಗಲ್ಲ. ಆದ್ರೆ ಎಲ್ಲ ಬಾಗಿಲು ತೆರೆದಿಡೋಕೂ ಒಂದು ಬೆಲೆ ಇರ್ತದೆ, ಅದನ್ನ ಯಾರೂ ಹೇಳಲಿಲ್ಲ. ನಾಲ್ಕೂ ವಿಷಯಕ್ಕೆ ಎರಡೆರಡು ಪಾಯಿಂಟ್ ಹಾಕ್ಕೊಂಡು ಹೋದೆ. ಫಿಜಿಕ್ಸ್, ಮ್ಯಾಥ್ಸ್ ಎರಡೂ ಉಳಿದ್ವು. ಒಂದು ವರ್ಷ ಹೋಯ್ತು. ಗೇಮ್ ಆಡಿ ಕೆಟ್ಟ ಅಂತ ಊರಾಗ ಮಾತಾಯ್ತು. ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಪರೀಕ್ಷೆ ತಿಂಗಳಲ್ಲೂ ಆಡಿದ್ದೀನಿ. ಆದ್ರೆ ಆಡೋಕೆ ಕೂತಿದ್ದೇ ಪುಸ್ತಕ ತೆರೆಯೋಕೆ ಹೆದರಿಕೆ ಆಗಿ. ಆಮೇಲೆ ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಸೇರಿದೆ. ಇದು ಮುಗಿಸಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರೋ ದಾರಿಯೂ ಇದೆ. ಅಂದ್ರೆ ರೆಸ್ಪೆಕ್ ಸಿಕ್ತು. ನಾನು ಕೊಟ್ಟ ನಾಣ್ಯ ವರ್ಷಗಳ ಲೆಕ್ಕದಲ್ಲಿ, ಅದರ ಜೊತೆ ಅಪ್ಪನ ರೊಕ್ಕ.

ಈ ವರ್ಷ ನನ್ನ ತಂಗಿದು ಎಸ್‌ಎಸ್‌ಎಲ್‌ಸಿ ಮುಗೀತು. ಮನೆಯಲ್ಲಿ ಅದೇ ಪಂಚಾಯ್ತಿ. ಅಪ್ಪನಿಗೆ ಸೈನ್ಸೇ ಆಗಬೇಕು. ರಾತ್ರಿ ಫೋನ್ ಮಾಡಿದಳು, "ಅಣ್ಣಾ, ನಾ ಏನ್ ತಗೊಳ್ಳಲಿ ಹೇಳು, ನೀ ಹೇಳಿದ್ದ ತಗೋತೀನಿ."

ನನಗೆ ಹೆದರಿಕೆ ಆಯ್ತು, ಖರೇನ ಹೇಳ್ತೀನಿ. ನಾನು ಇನ್ನೊಬ್ಬರ ಬಿಲ್ಡ್ ನಕಲು ಮಾಡಿ ಕೆಟ್ಟವನು, ಈಗ ಇವಳು ನನ್ನದನ್ನ ನಕಲು ಮಾಡ್ತಾಳೆ. ಹಂಗಾಗಿ ಇದನ್ನ ತಗೋ ಅಂತ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. "ಯಾವುದು ಬರದಿದ್ರೂ ನಿನಗ ನಡೀತದ ಅದನ್ನ ಹೇಳು."

"ಫಿಜಿಕ್ಸ್, ಕೆಮಿಸ್ಟ್ರಿ" ಅಂದಳು. ಯೋಚನೆ ಸೈತ ಮಾಡಲಿಲ್ಲ.

"ಎಂಜಿನಿಯರಿಂಗ್, ಡಾಕ್ಟರ್ಕಿ ಬಾಗಿಲು ಮುಚ್ತದ. ಆಮ್ಯಾಲ ಅಳಬಾರದು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಆ ಬಾಗಿಲಾಗ ಹೋಗಬೇಕಂತ ನನಗ ಯಾವಾಗ ಅನಿಸೇತಿ ಅಣ್ಣಾ?" ನಮ್ಮ ಪಡದ ಆಳಿನ ಪಗಾರ, ಔಷಧಿ ಅಂಗಡಿಯ ಬಾಕಿ, ಎಲ್ಲ ಎಂಟನೇ ಕ್ಲಾಸಿನಿಂದ ಅವಳೇ ಬರೆದಿಡೋದು. ಅವಳ 17 ಎಲ್ಲಿದೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನೋಡಿದ್ರು. ಯಾರೂ ಅದನ್ನ ಗುಣ ಅಂತ ಎಣಿಸಿರಲಿಲ್ಲ, ನಾನೂ.

ಕಾಮರ್ಸ್‌ಗೆ ಅರ್ಜಿ ಹಾಕಿದಳು. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಒಣದ್ರಾಕ್ಷಿ ಮಾರಿದ ಪಟ್ಟಿ ತಂದು ಅವಳ ಮುಂದೆ ಇಟ್ಟು, "ಲೆಕ್ಕಾ ತಪ್ಪೇತೇನ ನೋಡವಾ" ಅಂದ ಅಂತ ಅವ್ವ ಫೋನಿನಲ್ಲಿ ಹೇಳಿದಳು. ತಂಗಿ ಮಾಡಿದ್ದು ಸರಿಯೋ ತಪ್ಪೋ ನನಗಿನ್ನೂ ಗೊತ್ತಿಲ್ಲ, ಕಾಲೇಜು ಈಗಷ್ಟೇ ಶುರು. ಆದ್ರೆ ಬಿಟ್ಟಿದ್ದೇನು ಅಂತ ಅವಳಿಗೆ ಗೊತ್ತಿದೆ. ಆ ವಯಸ್ಸಿನಲ್ಲಿ ನನಗೆ ಗೊತ್ತಿರಲಿಲ್ಲ.

ಇವತ್ತು ರಾತ್ರಿ ಹೊಸ ಆಟ ಶುರು ಮಾಡೋರು ಮೂರು ವಿಷಯ ನೆನಪಿಡ್ರಿ. ಜೀವಕ್ಕೆ ಮತ್ತು ಒಂದು ಕೆಲಸಕ್ಕೆ ಮೊದಲು ಪಾಯಿಂಟ್ ಹಾಕ್ರಿ. ಯಾವುದನ್ನ 8ರಲ್ಲೇ ಬಿಡ್ತೀರಿ ಅಂತ ನೀವೇ ನಿರ್ಧಾರ ಮಾಡ್ರಿ. ಯಾವ ಆಯ್ಕೆ ತಿದ್ದಬಹುದು, ಯಾವುದು ಆಗಲ್ಲ ಅಂತ ಮೊದಲೇ ತಿಳ್ಕೊಳ್ರಿ. ತಿದ್ದಬಹುದಾದ್ದಕ್ಕೆ ಹತ್ತು ಗೈಡ್ ನೋಡ್ತಾ ಕೂಡಬೇಡಿ, ಆಡ್ರಿ. ತಿದ್ದಲಾಗದ್ದು ಬಂದಾಗ ಮಾತ್ರ ಗೇಮ್ ನಿಲ್ಲಿಸಿ, ಒಂದು ಚಹಾ ಕುಡಿದು ಬರ್ರಿ.

ನಿಮ್ಮ ಮೊದಲ ಪಾತ್ರ ಯಾವುದಿತ್ತು, ಎಲ್ಲಿ ಕೆಟ್ಟಿತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಕೇಳಿಸ್ತೀನಿ.