ಕನ್ನಡ ಶಾಲೆಯಿಂದ ಇಂಗ್ಲಿಷ್ ಪದವಿಗೆ

(ಕುಂದುರ್ಪಿಯಲ್ಲಿ ಸೇರಿದ್ದ ಕನ್ನಡ ಮಾಧ್ಯಮ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಕುಂದುರ್ಪಿಯ ಬೆಟ್ಟದ ಕೆಳಗೆ ನಿಂತು ಭಾಷೆಯ ವಿಷಯವನ್ನು ಮಾತನಾಡುವವನು ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಇಲ್ಲಿಯ ಮಗು ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ, ಬಸ್ಸಿನಲ್ಲಿ ತೆಲುಗನ್ನೂ ಆಡುತ್ತದೆ. ಮುಂದೆ ಕಾಲೇಜಿನ ಮೆಟ್ಟಿಲು ಹತ್ತಿದಾಗ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಈ ಮೂರನೆಯ ಭಾಷೆಯ ವಿಷಯವಾಗಿ ತಾಯಿತಂದೆಗಳು ಪ್ರತಿ ಜೂನ್ ತಿಂಗಳಲ್ಲಿ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ: "ಕನ್ನಡ ಶಾಲೆಗೆ ಹಾಕಿದರೆ ನಾಳೆ ಡಿಗ್ರಿಯಲ್ಲಿ ಇಂಗ್ಲಿಷು ತಲೆಗೆ ಹತ್ತುತ್ತದೆಯೇ ಸ್ವಾಮಿ?"

ಈ ಪ್ರಶ್ನೆಗೆ ನಾವು ಭಾಷಾಭಿಮಾನದ ಮಾತುಗಳಿಂದ ಉತ್ತರ ಕೊಡುತ್ತ ಬಂದಿದ್ದೇವೆ. ಅದು ಸಾಲದು. ಕಡಲೆಕಾಯಿ ಬೆಳೆಯನ್ನೂ ಮಳೆಯನ್ನೂ ನಂಬಿ ಬದುಕುವ ರೈತನು ಮಗುವಿನ ಅನ್ನದ ದಾರಿಯನ್ನು ಕೇಳುತ್ತಿದ್ದಾನೆ. ಅವನಿಗೆ ನಂಬಿಕೆ ಬರುವ ಉತ್ತರ ದೊರೆಯದಿದ್ದರೆ ಅವನು ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತಾನೆ. ಹೀಗೆ ಒಂದೊಂದೇ ಹೆಸರು ಹಾಜರಿ ಪುಸ್ತಕದಿಂದ ಇಳಿದುಹೋದರೆ ಕೊನೆಗೆ ಉಳಿಯುವುದು ಶಾಲೆಯ ಫಲಕ ಮಾತ್ರ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ನಮ್ಮ ಸಂವಿಧಾನದ 350 ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. 1956ರಲ್ಲಿ, ಭಾಷಾವಾರು ರಾಜ್ಯಗಳು ರೂಪುಗೊಂಡ ವರ್ಷದಲ್ಲಿಯೇ, ಈ ವಿಧಿ ಸೇರ್ಪಡೆಯಾಯಿತು. ಆದರೆ ಅದರ ಮಾತು ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ. ಇತ್ತ ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ 2021-22ನೆಯ ಶೈಕ್ಷಣಿಕ ವರ್ಷದಿಂದ ಬೋಧನಾ ಮಾಧ್ಯಮವು ಇಂಗ್ಲಿಷ್ ಎಂದು ನಿರ್ಧಾರವಾಯಿತು. ಆದುದರಿಂದ ಕಲ್ಯಾಣದುರ್ಗಕ್ಕೋ ಹಿಂದೂಪುರಕ್ಕೋ ಅನಂತಪುರಕ್ಕೋ ಪದವಿಗೆಂದು ಹೋಗುವ ನಮ್ಮ ವಿದ್ಯಾರ್ಥಿಯು ಇತಿಹಾಸವನ್ನು ಆರಿಸಿಕೊಂಡರೂ ವಾಣಿಜ್ಯವನ್ನು ಆರಿಸಿಕೊಂಡರೂ ಇಂಗ್ಲಿಷಿನ ಮೂಲಕವೇ ಓದಬೇಕು. ಇಂಗ್ಲಿಷ್ ಸಾಹಿತ್ಯವನ್ನೇ ಆರಿಸಿಕೊಂಡವನ ಹೊರೆ ಇನ್ನೂ ಹೆಚ್ಚು.

ಈ ಹೊರೆಯನ್ನು ನಾನು ಹೊತ್ತು ಬಲ್ಲೆ. ಗಡಿಭಾಗದ ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷ್ ಸಾಹಿತ್ಯದ ಬಿ.ಎ. ತರಗತಿಗೆ ಸೇರಿದವನು ನಾನು. ಮೊದಲ ತಿಂಗಳು ಅಧ್ಯಾಪಕರ ಮಾತು ನನ್ನ ಕಿವಿಗೆ ಬೀಳುತ್ತಿತ್ತೇ ಹೊರತು ಮನಸ್ಸಿಗೆ ಇಳಿಯುತ್ತಿರಲಿಲ್ಲ. ಕೇಳಿಸಿದ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ರಾತ್ರಿ ಹಾಸ್ಟೆಲಿನಲ್ಲಿ ನಿಘಂಟನ್ನು ಹಿಡಿದು ಅವುಗಳ ಕಾಗುಣಿತವನ್ನು ಹುಡುಕುತ್ತಿದ್ದೆ. ಮೊದಲ ವರ್ಷದ ಒಂದು ಪತ್ರಿಕೆಯಲ್ಲಿ ಅನುತ್ತೀರ್ಣನಾದೆ. ನನ್ನೊಡನೆ ಸೇರಿದ್ದ ಗೆಳೆಯನೊಬ್ಬನು ಗೈಡುಗಳನ್ನು ಬಾಯಿಪಾಠ ಮಾಡಿ ಆ ವರ್ಷ ಪಾಸಾದನು. ಆದರೆ ಎರಡನೆಯ ವರ್ಷದಲ್ಲಿ ಪ್ರಶ್ನೆಗಳು ಸ್ವಲ್ಪ ತಿರುವು ಪಡೆದೊಡನೆ ದಾರಿಗಾಣದೆ ಊರಿಗೆ ಹಿಂದಿರುಗಿದನು.

ಬಹಳ ಕಾಲ ನಾನು ಇದಕ್ಕೆಲ್ಲ ಕನ್ನಡ ಶಾಲೆಯೇ ಕಾರಣವೆಂದು ತಿಳಿದಿದ್ದೆ. ಮುಂದೆ ನಾನೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಲು ತೊಡಗಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಇಂಗ್ಲಿಷಿನಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳ ಕೈಗೆ ಒಂದು ಕನ್ನಡ ಅಥವಾ ತೆಲುಗು ಲೇಖನವನ್ನು ಕೊಟ್ಟು ಸಾರಾಂಶ ಹೇಳಿರೆಂದರೆ ಅವರಲ್ಲಿ ಬಹುಮಂದಿ ಅಲ್ಲಿಯೂ ತಡವರಿಸುತ್ತಿದ್ದರು. ಇಪ್ಪತ್ತು ಪುಟಗಳನ್ನು ಒಂದೇ ಸಮನೆ ಓದಿದ ಅಭ್ಯಾಸ ಅವರಿಗೆ ಯಾವ ಭಾಷೆಯಲ್ಲಿಯೂ ಇರಲಿಲ್ಲ. ಕನ್ನಡದಲ್ಲಿ ಚೆನ್ನಾಗಿ ಓದಿ ಬರೆಯಬಲ್ಲವರು ಮಾತ್ರ ಮೊದಲ ವರ್ಷ ಎಡವಿದರೂ ಎರಡನೆಯ ವರ್ಷ ನಡೆಯುತ್ತಿದ್ದರು, ಮೂರನೆಯ ವರ್ಷ ಓಡುತ್ತಿದ್ದರು. ಓದಿದ್ದನ್ನು ಗ್ರಹಿಸುವ, ಮುಖ್ಯವಾದುದನ್ನು ಆರಿಸುವ, ಸ್ವಂತ ಮಾತಿನಲ್ಲಿ ಹೇಳುವ ಶಕ್ತಿಯನ್ನು ಒಂದು ಭಾಷೆಯಲ್ಲಿ ಗಳಿಸಿದವನು ಇನ್ನೊಂದು ಭಾಷೆಯಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ. ಹಾಗೆಂದು ತಾನಾಗಿಯೇ ಎಲ್ಲವೂ ಒದಗಿಬರುವುದೂ ಇಲ್ಲ. ಎರಡರ ನಡುವೆ ಒಂದು ಸೇತುವೆ ಬೇಕು. ಅದನ್ನು ಕಟ್ಟಬೇಕಾದವರು ನಾವು.

ಸೇತುವೆ ಕಟ್ಟುವವನಿಗೆ ಹಳ್ಳದ ಆಳ ತಿಳಿದಿರಬೇಕು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಲ್ಲಿ ತೊಡಕಾಗುತ್ತದೆ? ಮೊದಲನೆಯದು ವಾಕ್ಯದ ಕಟ್ಟು. "ನಿನ್ನೆ ಬಂದ ಹುಡುಗ" ಎಂದು ನಾವು ಹೇಳುತ್ತೇವೆ. ವಿಶೇಷಣವೆಲ್ಲ ಮುಂದೆ ಬಂದು ಹುಡುಗನು ಕೊನೆಯಲ್ಲಿ ನಿಲ್ಲುತ್ತಾನೆ. ಇಂಗ್ಲಿಷಿನವನು "ದಿ ಬಾಯ್ ಹೂ ಕೇಮ್ ಎಸ್ಟರ್‌ಡೇ" ಎಂದು ಹುಡುಗನನ್ನು ಮೊದಲೇ ನಿಲ್ಲಿಸಿ ಉಳಿದುದನ್ನು ಅವನ ಹಿಂದೆ ಜೋಡಿಸುತ್ತಾನೆ. ನಮ್ಮಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ, ಅಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ನಮ್ಮ ವಿಭಕ್ತಿ ಪ್ರತ್ಯಯಗಳು ನಾಮಪದದ ಹಿಂದೆ ಅಂಟಿಕೊಂಡರೆ ಅವರ ಸಂಬಂಧಸೂಚಕ ಪದಗಳು ನಾಮಪದದ ಮುಂದೆ ಬೇರೆಯಾಗಿ ನಿಲ್ಲುತ್ತವೆ. "ದಿ" ಎಂಬ ಪದಕ್ಕೆ ಸಮನಾದುದು ನಮ್ಮಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಸೇರಿ ಅವರ ಕಾಗುಣಿತವು ಉಚ್ಚಾರಣೆಯನ್ನು ಹಿಂಬಾಲಿಸುವುದಿಲ್ಲ.

ಇಲ್ಲಿ ಒಂದು ಮಾತನ್ನು ತಾಯಿತಂದೆಗಳಿಗೆ ಬಿಡಿಸಿ ಹೇಳಬೇಕು. ತೆಲುಗಿನವನು "ನಿನ್ನ ವಚ್ಚಿನ ಅಬ್ಬಾಯಿ" ಎಂದಾಗಲೂ ಹುಡುಗನು ಕೊನೆಯಲ್ಲಿಯೇ ನಿಲ್ಲುತ್ತಾನೆ. ಕನ್ನಡ, ತೆಲುಗು ಎರಡರ ಕಟ್ಟೂ ಒಂದೇ. ಹಾಗಿರುವಾಗ ಈ ತೊಡಕು ಕನ್ನಡ ಶಾಲೆಯ ದೋಷವಲ್ಲ. ದ್ರಾವಿಡ ಭಾಷೆಯನ್ನಾಡುವ ಮನೆಯಿಂದ ಬಂದ ಪ್ರತಿಯೊಂದು ಮಗುವೂ, ಅದು ಯಾವ ಮಾಧ್ಯಮದ ಶಾಲೆಗೆ ಹೋದರೂ, ದಾಟಬೇಕಾದ ಹಳ್ಳವಿದು. ಕನ್ನಡದ ವಾಕ್ಯವನ್ನು ಬಿಡಿಸಿ ನೋಡಲು ಕಲಿತ ಮಗುವಿಗೆ ಈ ವ್ಯತ್ಯಾಸವನ್ನು ತೋರಿಸಿ ಕೊಡುವುದು ಸುಲಭ. ವ್ಯಾಕರಣವನ್ನು ಅಂಕಗಳಿಗಾಗಿ ಮಾತ್ರ ಕಲಿಸಿದರೆ ಈ ಅನುಕೂಲವನ್ನು ನಾವೇ ಕೈಬಿಟ್ಟಂತೆ.

ಇನ್ನು ಸಾಹಿತ್ಯದ ಮಾತು. ಇಂಗ್ಲಿಷ್ ಪದವಿಗೆ ಕನ್ನಡವು ಅಡ್ಡಿಯೆಂದು ತಿಳಿದವರು ಬಿ. ಎಂ. ಶ್ರೀಕಂಠಯ್ಯನವರನ್ನು ನೆನೆಯಬೇಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಅವರು 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. 'ಇಂಗ್ಲಿಷ್ ಗೀತಗಳು' ಎಂಬ ಅವರ ಸಂಕಲನವು ಹೊಸ ಕನ್ನಡ ಕಾವ್ಯಕ್ಕೆ ದಾರಿ ತೋರಿತು. ಆ ದಾರಿಯಲ್ಲಿ ಹಿಮ್ಮುಖವಾಗಿಯೂ ನಡೆಯಬಹುದು ಎಂಬುದನ್ನು ನಾನು ತರಗತಿಯಲ್ಲಿ ಕಂಡುಕೊಂಡೆ. ಷೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕಕ್ಕೆ ಮೊದಲು ಕುವೆಂಪು ಅವರ 'ಬಿರುಗಾಳಿ'ಯನ್ನು, 'ಹ್ಯಾಮ್ಲೆಟ್'ಗೆ ಮೊದಲು ಅವರದೇ 'ರಕ್ತಾಕ್ಷಿ'ಯನ್ನು, 'ಕಿಂಗ್ ಲಿಯರ್'ಗೆ ಮೊದಲು ಎಂ. ಎಸ್. ಪುಟ್ಟಣ್ಣನವರ 'ಹೇಮಚಂದ್ರರಾಜ ವಿಲಾಸ'ವನ್ನು ಓದಿದ ವಿದ್ಯಾರ್ಥಿಗೆ ಕಥೆ, ಪಾತ್ರ, ಸಂಘರ್ಷಗಳು ಮೊದಲೇ ಪರಿಚಿತವಾಗಿರುತ್ತವೆ. ಆಗ ಅವನ ಗಮನವೆಲ್ಲ ಇಂಗ್ಲಿಷಿನ ಮಾತಿನ ಮೇಲೆ ನಿಲ್ಲುತ್ತದೆ. ಗೈಡನ್ನು ನೆಚ್ಚಿದವನಿಗೆ ಈ ಭಾಗ್ಯವಿಲ್ಲ.

ಈ ಮಂಡಲದ ಕಡೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ನೆನಪಾಗುತ್ತಾಳೆ. ಮನೆಯಲ್ಲಿ ಕಾಲೇಜು ಕಂಡವರಲ್ಲಿ ಅವಳೇ ಮೊದಲಿಗಳು. ತರಗತಿಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. "ನಿಮ್ಮ ಅಜ್ಜಿ ಹೇಳಿದ ಒಂದು ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು ತಾಯಿ, ತಪ್ಪಾದರೂ ಚಿಂತೆಯಿಲ್ಲ" ಎಂದೆ. ಎರಡು ಪುಟ ಬರೆದು ತಂದಳು. ಸಾಲಿಗೊಂದು ತಪ್ಪಿತ್ತು, ಆದರೆ ಹೇಳಬೇಕಾದ ವಿಷಯ ಅವಳ ಸ್ವಂತದ್ದಾಗಿತ್ತು. "ಸಾರ್, ಕನ್ನಡದಲ್ಲಿ ಗೊತ್ತಿದ್ದದ್ದನ್ನೇ ಬರೆದೆ, ಅದಕ್ಕೆ ಬಂತು" ಎಂದಳು. ಅವಳಿಗೆ ಚಿನ್ನದ ಪದಕವೇನೂ ಬರಲಿಲ್ಲ. ಒಂದು ಪತ್ರಿಕೆಯನ್ನು ಎರಡು ಸಲ ಬರೆಯಬೇಕಾಯಿತು. ಪದವಿಯನ್ನು ಮುಗಿಸಿದಳು, ಬಿ.ಇಡಿ. ಮಾಡಿದಳು. ಇಂದು ನಿಮ್ಮಂತೆಯೇ ಉಪಾಧ್ಯಾಯಿನಿ.

ಹಾಗಾದರೆ ನಾವು ಮಾಡಬೇಕಾದುದೇನು? ನನ್ನ ಅನುಭವಕ್ಕೆ ಬಂದ ಕೆಲವು ಮಾತುಗಳನ್ನು ನಿವೇದಿಸುತ್ತೇನೆ.

ಮೊದಲನೆಯದಾಗಿ, ಎಂಟನೆಯ ತರಗತಿಯಿಂದ ವಾರಕ್ಕೊಮ್ಮೆ ಒಂದು ಪಾಠದ ಸಾರವನ್ನು ಮಕ್ಕಳು ಐದು ಕನ್ನಡ ವಾಕ್ಯಗಳಲ್ಲಿ ಸ್ವತಃ ಬರೆಯಲಿ. ಅವುಗಳಲ್ಲಿ ಎರಡನ್ನು ಇಂಗ್ಲಿಷಿಗೆ ತಿರುಗಿಸಲಿ. ತಪ್ಪನ್ನು ಕೆಂಪು ಶಾಯಿಯಿಂದ ಹೊಡೆದು ಬಿಡುವ ಬದಲು, ಎರಡು ಭಾಷೆಗಳ ಕಟ್ಟು ಎಲ್ಲಿ ಬೇರೆಯಾಯಿತೆಂಬುದನ್ನು ಕಪ್ಪು ಹಲಗೆಯ ಮೇಲೆ ತೋರಿಸಬೇಕು.

ಎರಡನೆಯದಾಗಿ, ವಿಜ್ಞಾನ, ಸಮಾಜ ಪಾಠಗಳಲ್ಲಿ "ದ್ಯುತಿಸಂಶ್ಲೇಷಣೆ" ಎಂದು ಕಲಿಸಿದ ದಿನವೇ "ಫೋಟೋಸಿಂಥೆಸಿಸ್" ಎಂಬುದನ್ನೂ ಪಕ್ಕದಲ್ಲಿ ಬರೆಸಬೇಕು. ಅರ್ಥ ಕನ್ನಡದಲ್ಲಿ ನೆಲೆಯಾಗಲಿ. ಮುಂದೆ ಬೇಕಾಗುವ ಹೆಸರೂ ಅದರೊಡನೆ ಸೇರಲಿ.

ಮೂರನೆಯದಾಗಿ, ವರ್ಷಕ್ಕೆ ಮೂರು ಕನ್ನಡ ಪುಸ್ತಕಗಳನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. ನಿಘಂಟನ್ನು ನೋಡುವ ಕ್ರಮವನ್ನು ಶಾಲೆಯಲ್ಲಿಯೇ ಕಲಿಸಬೇಕು.

ನಾಲ್ಕನೆಯದಾಗಿ, ಇಂಗ್ಲಿಷ್ ಪಾಠವನ್ನು ಸಾಲುಸಾಲಾಗಿ ಕನ್ನಡದಲ್ಲಿ ಅರ್ಥ ಹೇಳಿ ಮುಗಿಸುವ ರೂಢಿಯನ್ನು ಬಿಡಬೇಕು. ಅದರಿಂದ ಮಗು ಇಂಗ್ಲಿಷನ್ನು ಕೇಳುವುದೂ ಇಲ್ಲ, ಆಡುವುದೂ ಇಲ್ಲ. ಕನ್ನಡವು ಆಲೋಚನೆಗೆ ನೆರವಾಗಲಿ; ಇಂಗ್ಲಿಷ್ ವಾಕ್ಯವನ್ನು ಮಗುವೇ ಕಟ್ಟಲಿ.

ಕೊನೆಯದಾಗಿ, ಹತ್ತನೆಯ ತರಗತಿಯಾದ ಕೂಡಲೇ ನಮ್ಮ ಹೊಣೆ ಮುಗಿಯಿತೆಂದು ಭಾವಿಸಬಾರದು. ಹುಡುಗರು ಓದು ಬಿಡುವುದು ಹೆಚ್ಚಾಗಿ ಕಾಲೇಜಿನ ಮೊದಲ ತಿಂಗಳುಗಳಲ್ಲಿ. ದಸರಾ ರಜೆಗೋ ಸಂಕ್ರಾಂತಿಗೋ ಊರಿಗೆ ಬಂದ ಹಳೆಯ ವಿದ್ಯಾರ್ಥಿಯನ್ನು ಶಾಲೆಗೆ ಕರೆದು, ಹೇಗೆ ನಡೆದಿದೆ ಓದು ಎಂದು ಕೇಳಿ. ಒಂದು ಪತ್ರಿಕೆಯಲ್ಲಿ ತಪ್ಪಿದ ಮಾತ್ರಕ್ಕೆ ಪದವಿ ಕೈತಪ್ಪಿತೆಂದು ಅರ್ಥವಲ್ಲ ಎಂಬ ಮಾತನ್ನು ಅವನಿಗೆ ಯಾರಾದರೂ ಹೇಳಬೇಕು. ನನ್ನ ಗೆಳೆಯನಿಗೆ ಆ ಮಾತನ್ನು ಹೇಳುವವರು ಯಾರೂ ಇರಲಿಲ್ಲ.

ಜೂನ್ ತಿಂಗಳಲ್ಲಿ ಆ ರೈತನು ಮತ್ತೆ ಬಂದು ಅದೇ ಪ್ರಶ್ನೆಯನ್ನು ಕೇಳಿದಾಗ "ಸುಲಭವಾಗಿ ಹತ್ತುತ್ತದೆ" ಎಂದು ಹೇಳಬೇಡಿರಿ. ಅದು ನಿಜವಲ್ಲ. "ಕನ್ನಡವನ್ನು ಗಟ್ಟಿಯಾಗಿ ಕಲಿಸುತ್ತೇವೆ, ಇಂಗ್ಲಿಷಿಗೆ ದಾರಿಯನ್ನೂ ಮಾಡಿಕೊಡುತ್ತೇವೆ, ಮಗು ಕಷ್ಟಪಟ್ಟರೆ ಹತ್ತುತ್ತದೆ" ಎಂದು ಹೇಳಿರಿ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳೋಣ.