ಹಳೆಯ ಯಂತ್ರಕ್ಕೊಬ್ಬ ನೀರುಗಂಟಿ

ಕೋಲಾರ ಜಿಲ್ಲೆಯನ್ನು ಕೆರೆಗಳ ನಾಡೆಂದು ಕರೆಯುವುದು ರೂಢಿ. ಮಾಲೂರು ತಾಲ್ಲೂಕಿನ ನಮ್ಮ ಲಕ್ಕೂರಿನ ಸುತ್ತ ಸಂಚರಿಸಿದರೂ ಸರಿ, ಶ್ರೀನಿವಾಸಪುರ, ಮುಳಬಾಗಿಲುಗಳ ಕಡೆಗೆ ಹೋದರೂ ಸರಿ, ಹಾದಿಯಲ್ಲಿ ಒಂದಲ್ಲ ಒಂದು ಕೆರೆಯ ಏರಿ ಎದುರಾಗುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆ ಬದುಕಿದ್ದೇ ಕೆರೆಗಳಿಂದ. ಈ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಹೊರತಂದರು. ನಮ್ಮ ನಾಡಿನ ಕೆರೆಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಹೊಸವಲ್ಲ. ಕೆರೆಯನ್ನು ಕಟ್ಟಿಸಿದವನಿಗೆ, ಅದನ್ನು ಕಾಪಾಡಿಕೊಂಡು ಬರುವವನಿಗೆ ಭೂಮಿಯನ್ನು ಬಿಟ್ಟುಕೊಡುವ ಏರ್ಪಾಡು ಅದು. ಹೂಳೆತ್ತುವವರು ಯಾರು, ತೂಬನ್ನು ನೋಡಿಕೊಳ್ಳುವವರು ಯಾರು, ಅವರ ಹೊಟ್ಟೆಪಾಡೇನು ಎಂಬುದನ್ನೂ ಹಿಂದಿನವರು ಯೋಚಿಸಿದ್ದರು. ಕಟ್ಟಿದ ಪುಣ್ಯ ಒಬ್ಬನದಾದರೆ ಕಾಯುವ ಹೊಣೆ ತಲೆಮಾರುಗಳದೆಂಬುದು ಅವರಿಗೆ ಗೊತ್ತಿತ್ತು.

ಇಂದು ನಾನು ಹೇಳಹೊರಟಿರುವುದು ಗಣಕಯಂತ್ರಗಳ ಸಂಗತಿ. ಹಳೆಯ ಬಗೆಯ ಯಂತ್ರಗಳಲ್ಲಿ ಮುಕ್ತ ತಂತ್ರಾಂಶವನ್ನು ನಡೆಯುವಂತೆ ಕಾಪಾಡಿಕೊಂಡು ಬರುವ ಕೆಲಸ ಒಂದಿದೆ. ಅದನ್ನು ಮಾಡುವವರ ಪರಿಚಯವಾದಾಗಲೆಲ್ಲ ನನಗೆ ನೆನಪಾಗುವವನು ನಮ್ಮ ಕೆರೆಯ ನೀರುಗಂಟಿ.

ಗಣಕವನ್ನು ಚಾಲೂ ಮಾಡಿದೊಡನೆ ಮೊದಲು ಎಚ್ಚರಗೊಂಡು, ಯಂತ್ರದ ಅಂಗಾಂಗಗಳನ್ನೆಲ್ಲ ಹಿಡಿತಕ್ಕೆ ತಂದುಕೊಂಡು, ಉಳಿದ ತಂತ್ರಾಂಶಗಳಿಗೆ ಎಡೆಮಾಡಿಕೊಡುವುದೇ ಕಾರ್ಯಾಚರಣ ವ್ಯವಸ್ಥೆ. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ತತ್ತ್ವದ ಮೇಲೆ ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ತನ್ನ ಬಳಿಯಿದ್ದ ಇಂಟೆಲ್ ೩೮೬ ಯಂತ್ರಕ್ಕಾಗಿ ಲಿನಕ್ಸ್ ಕರ್ನೆಲ್ಲನ್ನು, ಅಂದರೆ ವ್ಯವಸ್ಥೆಯ ತಿರುಳನ್ನು, ಬರೆಯತೊಡಗಿದ. ಬೇರೆ ಬಗೆಯ ಯಂತ್ರಗಳಿಗೆ ಇದು ಹೊಂದೀತೆಂಬ ಭರವಸೆ ಆಗ ಅವನಿಗೇ ಇರಲಿಲ್ಲ. ಇಂದು ಅದು ಕೈಫೋನಿನಿಂದ ಹಿಡಿದು ಜಗತ್ತಿನ ಮಹಾಗಣಕಗಳವರೆಗೆ ವ್ಯಾಪಿಸಿದೆ.

ಆದರೆ ಎಲ್ಲ ಯಂತ್ರಗಳೂ ಒಂದೇ ಮಾತನ್ನಾಡುವುದಿಲ್ಲ. ಗಣಕದ ಮೆದುಳೆನ್ನಬಹುದಾದ ಪ್ರೊಸೆಸರಿನಲ್ಲಿ ಹಲವು ಕುಲಗಳಿವೆ. ಒಂದೊಂದು ಕುಲಕ್ಕೂ ಒಂದೊಂದು ಆಜ್ಞಾಭಾಷೆ. ೧೯೭೩ರಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ‘ಸಿ’ ಎಂಬ ಭಾಷೆಯಲ್ಲಿ ಪುನಃ ಬರೆದಂದಿನಿಂದ, ಒಂದೇ ಮೂಲಪಾಠವನ್ನು ಬೇರೆ ಬೇರೆ ಕುಲಗಳ ಭಾಷೆಗೆ ಪರಿವರ್ತಿಸಿಕೊಳ್ಳುವುದು ಸಾಧ್ಯವಾಯಿತು. ಹಾಗಿದ್ದರೂ ಪ್ರತಿಯೊಂದು ಕುಲಕ್ಕೂ ಪ್ರತ್ಯೇಕವಾಗಿ ಕೈಯಿಂದಲೇ ಬರೆಯಬೇಕಾದ ಭಾಗವೊಂದು ಉಳಿದೇ ಉಳಿಯುತ್ತದೆ.

ಒಮ್ಮೆ ಬರೆದದ್ದು ಕೆಡುವುದಾದರೂ ಹೇಗೆ ಎಂದು ನೀವು ಕೇಳಬಹುದು. ಹಳೆಯ ಯಂತ್ರ ಬದಲಾಗುವುದಿಲ್ಲ, ನಿಜ. ಬದಲಾಗುವುದು ಅದರ ಸುತ್ತಲಿನ ಪಾಠ. ಹೊಸ ಯಂತ್ರಗಳಿಗಾಗಿ ನಡುವಿನ ಸಾಲುಗಳನ್ನು ತಿದ್ದಿದಾಗ, ಆ ತಿದ್ದುಪಡಿ ಹಳೆಯದಕ್ಕೂ ಒಗ್ಗುವುದೆ ಎಂದು ಯಾರಾದರೊಬ್ಬರು ಪರೀಕ್ಷಿಸಬೇಕು. ಪರೀಕ್ಷಿಸುವವರಿಲ್ಲದಿದ್ದರೆ ದೋಷಗಳು ಕೆರೆಯ ಹೂಳಿನಂತೆ ಸದ್ದಿಲ್ಲದೆ ತುಂಬಿಕೊಳ್ಳುತ್ತವೆ. ಲಿನಕ್ಸ್ ಹುಟ್ಟಿದ ೩೮೬ಕ್ಕೇ ಈ ಗತಿ ಒದಗಿತು. ೧೯೮೫ರ ಆ ಪ್ರೊಸೆಸರಿನಲ್ಲಿ, ಮುಂದಿನ ೪೮೬ರಲ್ಲಿ ಬಂದ ಕೆಲವು ಆಜ್ಞೆಗಳಿರಲಿಲ್ಲ. ಒಂದೇ ಯಂತ್ರದಲ್ಲಿ ಹಲವು ಪ್ರೊಸೆಸರುಗಳು ಕೂಡಿ ದುಡಿಯುವ ಕಾಲದಲ್ಲಿ ಆ ಕೊರತೆಯನ್ನು ತುಂಬಲು ಎಲ್ಲೆಲ್ಲೂ ಬಳಸುದಾರಿಗಳು ಬೇಕಾದವು. ೨೦೧೨ರ ಡಿಸೆಂಬರಿನಲ್ಲಿ ಇಂಗೋ ಮೋಲ್ನಾರ್ ೩೮೬ರ ಬೆಂಬಲವನ್ನು ತೆಗೆದುಹಾಕುವ ತಿದ್ದುಪಡಿಯನ್ನು ಮುಂದಿಟ್ಟಾಗ ಟೋರ್ವಾಲ್ಡ್ಸ್ ಅದನ್ನು ಒಪ್ಪಿಕೊಂಡರು. ತೊಟ್ಟಿಲಿನ ಮೇಲಣ ಮಮತೆ ಅವರನ್ನು ತಡೆಯಲಿಲ್ಲ.

ಲಿನಕ್ಸಿನ ಮೂಲಪಾಠದೊಳಗೆ ಪಾಲಕರ ಪಟ್ಟಿಯೊಂದಿದೆ. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆಂಬುದನ್ನು ಅದರಲ್ಲಿ ಬರೆದಿಡುತ್ತಾರೆ. ಸಂಬಳ ಪಡೆದು ನೋಡಿಕೊಳ್ಳುವವರಿದ್ದರೆ ಒಂದು ಗುರುತು, ಸಂಬಳವಿಲ್ಲದಿದ್ದರೂ ನೋಡಿಕೊಳ್ಳುವವರಿದ್ದರೆ ಇನ್ನೊಂದು, ಬಿಡುವಾದಾಗ ಅಷ್ಟಿಷ್ಟು ತಿದ್ದುವವರಿದ್ದರೆ ಮತ್ತೊಂದು. ಯಾರೂ ಇಲ್ಲದಿದ್ದರೆ ಅಲ್ಲಿ ಬರೆಯುವ ಮಾತು ‘ಅನಾಥ’. ತಾಂತ್ರಿಕ ಕಡತವೊಂದರಲ್ಲಿ ಇಷ್ಟು ಮನುಷ್ಯಸಹಜವಾದ ಶಬ್ದವನ್ನು ಕಂಡು ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಸೋಜಿಗವೆನಿಸಿತು.

ಈ ಪಟ್ಟಿ ಹೇಳುವ ಎರಡು ಕಥೆಗಳನ್ನು ಜೋಡಿಸಿ ನೋಡೋಣ. ಇಂಟೆಲ್ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಎಂಬ ಎರಡು ದೈತ್ಯ ಸಂಸ್ಥೆಗಳು ಕೂಡಿ ಇಟಾನಿಯಂ ಎಂಬ ಪ್ರೊಸೆಸರನ್ನು ರೂಪಿಸಿದವು. ೨೦೦೧ರಲ್ಲಿ ಮಾರುಕಟ್ಟೆಗೆ ಬಂದ ಅದು ೨೦೨೧ರ ಹೊತ್ತಿಗೆ ಪಟ್ಟಿಯಲ್ಲಿ ಅನಾಥವೆನಿಸಿತು. ೨೦೨೪ರ ಜನವರಿಯಲ್ಲಿ ಹೊರಬಂದ ಲಿನಕ್ಸಿನ ೬.೭ನೆಯ ಆವೃತ್ತಿಯಲ್ಲಿ ಅದಕ್ಕೆ ಸ್ಥಾನವೇ ಇರಲಿಲ್ಲ. ಇನ್ನೊಂದು ಕಡೆ ಮೊಟೊರೋಲಾ ಸಂಸ್ಥೆಯ ೬೮೦೦೦ ಕುಲ. ೧೯೭೯ರಲ್ಲಿ ಹುಟ್ಟಿದ ಈ ಕುಲ ಮೊದಮೊದಲ ಮ್ಯಾಕಿಂಟಾಷ್, ಅಮಿಗಾ ಗಣಕಗಳಲ್ಲಿ ಮೆರೆದು, ೧೯೯೦ರ ದಶಕದಲ್ಲಿ ಮೇಜುಗಳಿಂದ ಮರೆಯಾಯಿತು. ಇಟಾನಿಯಮ್ಮನ್ನು ಕೈಬಿಟ್ಟ ಅದೇ ಆವೃತ್ತಿಯಲ್ಲಿ ಈ ಹಳೆಯ ಕುಲಕ್ಕೆ ಸ್ಥಾನವಿತ್ತು. ಗೀರ್ಟ್ ಯುಟ್ಟರ್‌ಹೂವೆನ್ ಎಂಬುವರು ದೀರ್ಘಕಾಲದಿಂದ ಅದನ್ನು ನೋಡಿಕೊಂಡು ಬಂದಿದ್ದರು. ಹಣವಿದ್ದದ್ದು ಹೋಯಿತು, ಆಳಿದ್ದದ್ದು ಉಳಿಯಿತು. ಇಲ್ಲಿ ಆಯುಸ್ಸನ್ನು ನಿರ್ಧರಿಸಿದ್ದು ಯಂತ್ರದ ವಯಸ್ಸಲ್ಲ. ಪಾಲಕನೊಬ್ಬನು ಇದ್ದನೆ ಇಲ್ಲವೆ ಎಂಬುದು.

ನಮ್ಮ ನಾಡಿನದೇ ಒಂದು ನಿದರ್ಶನವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿ, ೨೦೦೧ರಲ್ಲಿ ಅಂಗೈಯಲ್ಲಿ ಹಿಡಿಸುವ ಗಣಕವೊಂದನ್ನು ಲೋಕದ ಮುಂದಿಟ್ಟರು. ಓದು ಬಾರದ ಹಳ್ಳಿಗರಿಗೂ ಅವರ ನುಡಿಯಲ್ಲೇ ನೆರವಾಗಬೇಕೆಂಬುದು ಅದರ ಉದ್ದೇಶ. ಸ್ಟ್ರಾಂಗ್‌ಆರ್ಮ್ ಎಂಬ ಪ್ರೊಸೆಸರಿನ ಮೇಲೆ ಲಿನಕ್ಸ್ ನಡೆಯುತ್ತಿತ್ತು. ಯಂತ್ರದ ವಿನ್ಯಾಸವನ್ನೂ ಪರವಾನಗಿಯೊಂದರ ಮೂಲಕ ಇತರರಿಗೆ ತೆರೆದಿಟ್ಟಿದ್ದರು. ೨೦೦೪ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಕರ್ನಾಟಕ ಸರ್ಕಾರ ಭೂದಾಖಲೆಗಳ ಕೆಲಸಕ್ಕೂ ಸಿಂಪ್ಯೂಟರನ್ನು ಬಳಸಿತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಮೊಬೈಲ್ ಫೋನು ಮನೆಮನೆಗೆ ಬಂದಿತು, ಸಿಂಪ್ಯೂಟರ್ ಹಿನ್ನೆಲೆಗೆ ಸರಿಯಿತು. ೨೦೨೩ರಲ್ಲಿ ಬಳಸುವವರು ಕಾಣದ ಹಳೆಯ ಯಂತ್ರಗಳ ಬೆಂಬಲವನ್ನು ಲಿನಕ್ಸಿನಿಂದ ಗುಂಪುಗುಂಪಾಗಿ ತೆಗೆದಾಗ, ಸ್ಟ್ರಾಂಗ್‌ಆರ್ಮನ್ನು ಆಶ್ರಯಿಸಿದ್ದ ಹಲವು ಯಂತ್ರಗಳೂ ಅವುಗಳಲ್ಲಿ ಸೇರಿದ್ದವು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಬರೆದ ಪಠ್ಯವನ್ನು ಧ್ವನಿಯಾಗಿಸಿ ಓದಿಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರು ಸಿಂಪ್ಯೂಟರಿಗಾಗಿ ಆರಂಭಿಸಿದ್ದರು. ಕನ್ನಡ ಅದರ ಮೊದಲ ನುಡಿಗಳಲ್ಲಿ ಒಂದು. ಮೂಲಪಾಠ ಮುಕ್ತವಾಗಿದ್ದುದರಿಂದ ಕೇರಳದ ಸಂತೋಷ್ ತೋಟ್ಟಿಙಲ್ ಮುಂದೆ ಅದನ್ನು ಕೈಗೆತ್ತಿಕೊಂಡು, ಮಲಯಾಳವೇ ಮೊದಲಾದ ನುಡಿಗಳಿಗೂ ವಿಸ್ತರಿಸಿದರು. ಯಂತ್ರ ಹೋಯಿತು, ಅದರ ದನಿ ಇನ್ನೊಬ್ಬರ ಕೈಹಿಡಿದು ಮುಂದೆ ನಡೆಯಿತು. ಪರವಾನಗಿ ಬಾಗಿಲನ್ನು ತೆರೆದಿಟ್ಟಿತ್ತು, ಸರಿ. ಆದರೆ ಆ ಬಾಗಿಲಿನಲ್ಲಿ ಒಬ್ಬರು ಒಳಬರಬೇಕಾಗಿತ್ತಲ್ಲವೆ?

ಹಳೆಯದನ್ನೆಲ್ಲ ಉಳಿಸಿಕೊಳ್ಳಬೇಕೆಂದು ನಾನು ವಾದಿಸುತ್ತಿಲ್ಲ. ಪ್ರತಿಯೊಂದು ಹಳೆಯ ಕುಲವೂ ಹೊಸದನ್ನು ಬರೆಯುವವರ ಹೆಗಲಿಗೆ ಒಂದಿಷ್ಟು ಭಾರ. ಬಹುಮಟ್ಟಿಗೆ ಸ್ವಯಂಸೇವಕರಿಂದಲೇ ನಡೆಯುವ ಡೆಬಿಯನ್ ವ್ಯವಸ್ಥೆ ೨೦೨೫ರ ಆಗಸ್ಟಿನಲ್ಲಿ ತನ್ನ ೧೩ನೆಯ ಆವೃತ್ತಿಯನ್ನು ಹೊರತಂದಾಗ, ೩೨ ಬಿಟ್ಟಿನ ಇಂಟೆಲ್ ಬಗೆಯ ಯಂತ್ರಗಳಿಗೆ ಕರ್ನೆಲ್ಲನ್ನೂ ಸ್ಥಾಪಕವನ್ನೂ ಕೊಡುವುದನ್ನು ನಿಲ್ಲಿಸಿತು. ಅದೇ ಆವೃತ್ತಿಯಲ್ಲಿ ರಿಸ್ಕ್-ಫೈವ್ ಎಂಬ ಹೊಸ ಕುಲಕ್ಕೆ ಅಧಿಕೃತ ಸ್ಥಾನ ದೊರೆಯಿತು. ಇದರಲ್ಲಿ ಅನ್ಯಾಯವಿದೆಯೆಂದು ನನಗೆ ತೋರುವುದಿಲ್ಲ. ಕೈಲಾಗದ ಹೊಣೆಯನ್ನು ಹೊತ್ತಂತೆ ನಟಿಸುವುದಕ್ಕಿಂತ ಕೈಬಿಟ್ಟೆನೆಂದು ಸಾರುವುದೇ ಪ್ರಾಮಾಣಿಕತೆ.

ಆದರೂ ಈ ಪ್ರಶ್ನೆ ನಮ್ಮ ಬಾಗಿಲಿಗೇ ಬಂದಿದೆ. ೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿ ಅನೇಕ ಹಳೆಯ ಯಂತ್ರಗಳನ್ನು ಒಪ್ಪಿಕೊಳ್ಳುವುದಿಲ್ಲ. ಚೆನ್ನಾಗಿಯೇ ನಡೆಯುವ ಗಣಕ ಕಾಗದದ ಮೇಲೆ ಹಳತಾಗಿಬಿಡುತ್ತದೆ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ಸಣ್ಣ ಊರಿನ ಶಾಲೆಗೋ ವಾಚನಾಲಯಕ್ಕೋ ಇದು ಸಣ್ಣ ಮಾತಲ್ಲ. ಹೀಗೆ ಹೊರಬಿದ್ದ ಯಂತ್ರಗಳಲ್ಲಿ ಬಹುಪಾಲು ೬೪ ಬಿಟ್ಟಿನವು. ಅವುಗಳ ಮೇಲೆ ಲಿನಕ್ಸ್ ಇನ್ನೂ ಹಲವು ವರ್ಷ ನಡೆದೀತು. ೩೨ ಬಿಟ್ಟಿನವುಗಳಿಗೆ ಮಾತ್ರ ಇನ್ನೊಂದು ಗಡುವು ಕಾದಿದೆ. ೧೯೭೦ರ ಜನವರಿ ಒಂದರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುವ ಹಳೆಯ ಲೆಕ್ಕದ ಕೋಶ, ೨೦೩೮ರ ಜನವರಿ ೧೯ರಂದು ನಮ್ಮ ಗಡಿಯಾರದ ಬೆಳಿಗ್ಗೆ ೮ ಗಂಟೆ ೪೪ ನಿಮಿಷಕ್ಕೆ ತುಂಬಿಹೋಗುತ್ತದೆ. ೨೦೨೦ರಲ್ಲಿ ಬಂದ ಲಿನಕ್ಸಿನ ೫.೬ನೆಯ ಆವೃತ್ತಿಯ ಹೊತ್ತಿಗೆ ಕರ್ನೆಲ್ಲಿನ ಮಟ್ಟಿಗೆ ಪರಿಹಾರ ಸಿದ್ಧವಾಗಿತ್ತು. ಎಲ್ಲೋ ಗೋಡೆಯೊಳಗೆ, ಪೆಟ್ಟಿಗೆಯೊಳಗೆ ದುಡಿಯುತ್ತಿರುವ ಹಳೆಯ ಯಂತ್ರಗಳಿಗೆ ಅದನ್ನು ತಲುಪಿಸುವುದಕ್ಕೆ ಮತ್ತೆ ಮನುಷ್ಯರೇ ಬೇಕು.

ಸಾಹಿತ್ಯಾಸಕ್ತರಿಗೆ ಈ ವಿಷಯ ಏಕೆ ಬೇಕು? ನನ್ನ ಉತ್ತರವಿಷ್ಟು: ಬಳಸುವವರು ಕಡಿಮೆಯಿರುವ ಪ್ರೊಸೆಸರಿನ ಪಾಡೂ ಗಣಕಲೋಕದಲ್ಲಿ ಕನ್ನಡದ ಪಾಡೂ ಬೇರೆಬೇರೆಯಲ್ಲ. ಗ್ನೋಮ್, ಕೆಡಿಇ ಮೊದಲಾದ ಮುಕ್ತ ತಂತ್ರಾಂಶಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಆದರೆ ಪ್ರತಿಯೊಂದು ಹೊಸ ಆವೃತ್ತಿಯಲ್ಲೂ ಹೊಸ ವಾಕ್ಯಗಳು ಸೇರುತ್ತವೆ. ಅನುವಾದಿಸುವವರಿಲ್ಲದ ಕಡೆ ಕನ್ನಡದ ನಡುವೆ ಇಂಗ್ಲಿಷಿನ ಸಾಲುಗಳು ತಲೆಯೆತ್ತುತ್ತವೆ. ಕನ್ನಡವನ್ನು ಯಾರೂ ಹೊರದೂಡಲಿಲ್ಲ. ನೋಡಿಕೊಳ್ಳುವವರು ಇರಲಿಲ್ಲ, ಅಷ್ಟೆ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಾವ್ಯವನ್ನು ಬರೆದವನು ಒಬ್ಬ. ಅದು ಉಳಿಯಲೆಂದು ಲಿಪಿಕಾರರಿಗೆ ಅನ್ನವಿಟ್ಟವಳು ಇನ್ನೊಬ್ಬಳು. ಗಣಕಲೋಕದ ಕೆಲಸಕ್ಕೂ ಇಂಥದೊಂದು ಬಿತ್ತುವಟ್ಟ ಬೇಕಾಗಿದೆ. ಎಂಜಿನಿಯರಿಂಗ್ ಕಾಲೇಜುಗಳು ಮೂಲೆಗೆ ಸೇರಿದ ಗಣಕವನ್ನು ಗುಜರಿಗೆ ಹಾಕುವ ಮುನ್ನ ಅದರ ಮೇಲೆ ಹೊಸ ಕರ್ನೆಲ್ಲನ್ನು ಪರೀಕ್ಷಿಸಿ, ಕಂಡ ದೋಷವನ್ನು ಪಾಲಕರಿಗೆ ಬರೆದು ತಿಳಿಸುವುದನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕೆ ಸೇರಿಸಬಹುದು. ವಿಶ್ವವಿದ್ಯಾಲಯಗಳು ಹೊಸದನ್ನು ಕಟ್ಟುವವರಿಗೆ ಕೊಡುವ ವೇತನದಲ್ಲಿ ಒಂದು ಪಾಲನ್ನು, ಇದ್ದುದನ್ನು ಕಾಯುವವರಿಗೆ ಮೀಸಲಿಡಬಹುದು. ಕನ್ನಡ ಬಲ್ಲ ನಾವು ಅನುವಾದದ ಒಂದು ಭಾಗವನ್ನಾದರೂ ಒಪ್ಪಿಕೊಂಡು, ಆವೃತ್ತಿಯಿಂದ ಆವೃತ್ತಿಗೆ ಬಿಡದೆ ನಡೆಸಿಕೊಂಡು ಬರಬಹುದು. ಇವು ಉದ್ಘಾಟನೆಯಾಗುವ ಕೆಲಸಗಳಲ್ಲ, ಫಲಕದ ಮೇಲೆ ಹೆಸರು ಬರೆಸಿಕೊಳ್ಳುವ ಕೆಲಸಗಳೂ ಅಲ್ಲ. ಆದರೆ ಮುಂದಿನ ಆವೃತ್ತಿ ಹೊರಬಂದಾಗ ಕನ್ನಡದ ಹೆಸರಿನ ಮುಂದೆ ‘ಅನಾಥ’ ಎಂಬ ಮಾತು ಬೀಳದಂತೆ ನೋಡಿಕೊಳ್ಳುವುದು ಇವುಗಳಿಂದಲೇ ಸಾಧ್ಯ.