ಮಾದಾರ ಅನ್ನೋ ಹೆಸರು ಹೊತ್ತವರು
(ಸಿರಿಗೇರಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮ ಬಳ್ಳಾರಿ ಕಡೆ ಅಡ್ಡಹೆಸರು ಮುಂದೆ, ಹೆಸರು ಹಿಂದೆ. ಕುರುಬರ ಇಂಥವನು, ಬಡಿಗೇರ ಇಂಥವನು, ಮಾದಿಗರ ಇಂಥವನು. ಸಿರಿಗೇರಿಯಿಂದ ಹಾಸ್ಟೆಲಿಗೆ ಹೋದ ನಮ್ಮ ಹುಡುಗ ಮೊದಲು ಮಾಡೋ ಕೆಲಸ ಏನು? ಆ ಮುಂದಿನ ಪದವನ್ನ ಒಂದು ಇನಿಶಿಯಲ್ಲಿನೊಳಗೆ ಮುಚ್ಚಿಡೋದು. "ಎಂ ಅಂದ್ರೆ ಏನಪ್ಪಾ?" ಅಂತ ಕೇಳಿದರೆ ಗಂಟಲು ಒಣಗುತ್ತೆ. ನನಗೂ ಒಣಗಿದೆ. ಅದಕ್ಕೇ ಇವತ್ತು ಆ ಹೆಸರು ಹೊತ್ತವರ ಬಗ್ಗೆ ನಾಲ್ಕು ಮಾತು.

ಮೊದಲನೆಯವನು ಮಾದಾರ ಚೆನ್ನಯ್ಯ. ಚೋಳರಾಜನ ಕುದುರೆಲಾಯಕ್ಕೆ ಹುಲ್ಲು ಹೊರುತ್ತಿದ್ದನೆಂದು ಕಥೆ. ಅವನ ವಚನಗಳ ಅಂಕಿತದಲ್ಲಿ ದೇವರಿಗಿಂತ ಮೊದಲು ಬರೋದು ಕೈಯುಳಿ, ಕತ್ತಿ, ಅಡಿಗೂಂಟ. ಚರ್ಮದ ಕೆಲಸದ ಹತಾರುಗಳು! ಅವನು ಮುಚ್ಚಿಡಲಿಲ್ಲ. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಬಸವಣ್ಣನೇ ಎಂಟುನೂರು ವರ್ಷದ ಹಿಂದೆ ಈ ಚೆನ್ನಯ್ಯನ ಸಂಬಂಧ ಹೇಳಿಕೊಂಡ. ಮಾದಾರ ಧೂಳಯ್ಯನದೂ ಅದೇ ಹೆಸರು, ಅದೇ ಕಾಯಕ.

ಆಮೇಲೆ ನಮಗೆ ಬೇರೆ ಹೆಸರು ಹಚ್ಚಿದರು. ಗಾಂಧೀಜಿ 1933ರಲ್ಲಿ 'ಹರಿಜನ' ಪತ್ರಿಕೆ ತೆಗೆದರು. ಆ ಪದ ಶಾಲೆಯ ರಿಜಿಸ್ಟರಿಗಿಳಿದು ಎಷ್ಟೋ ಮನೆಗಳಿಗೆ ಅಡ್ಡಹೆಸರೇ ಆಯ್ತು. ನಾವು ಕೇಳಿ ಪಡೆದದ್ದಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆ ಪದ ಕಾನೂನಿಗೆ ಬಂದಾಗ ಅಂಬೇಡ್ಕರರ ಪಕ್ಷ ಪ್ರತಿಭಟಿಸಿ ಹೊರನಡೆಯಿತು. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರದಲ್ಲಿ ಅದನ್ನು ಬರೆಯಬೇಡಿ ಎಂದಿತು.

ಪಕ್ಕದ ಆಂಧ್ರದಲ್ಲಿ 1994ರಲ್ಲಿ ಮಂದ ಕೃಷ್ಣ ಎಂಬ ತರುಣ ತನ್ನ ಹೆಸರಿನ ಕೊನೆಗೆ 'ಮಾದಿಗ' ಅಂತ ತಾನೇ ಸೇರಿಸಿಕೊಂಡು ಒಳಮೀಸಲಾತಿಗೆ ದಂಡೋರ ಹೊಡೆದ. ಬೈಗುಳವಾಗಿದ್ದ ಪದ ಬ್ಯಾನರ್ ಆಯ್ತು. ಮೂವತ್ತು ವರ್ಷದ ಮೇಲೆ, 2024ರ ಆಗಸ್ಟ್ 1ರಂದು, ರಾಜ್ಯಗಳು ಒಳವರ್ಗೀಕರಣ ಮಾಡಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು.

ಹಾಗಂತ ಬರೀ ಹೆಸರಿನಿಂದ ಬಿಡುಗಡೆ ಇಲ್ಲ. 1900ರಲ್ಲಿ ಸಾತಾರಾ ಶಾಲೆಯ ರಿಜಿಸ್ಟರಿನಲ್ಲಿ ಬಾಬಾಸಾಹೇಬರ ಹೆಸರು 'ಭಿವಾ ರಾಮಜಿ ಅಂಬೇಡ್ಕರ್'. ಮನೆತನದ ಹೆಸರು ಸಕ್ಪಾಲ್. ಹೆಸರು ಬದಲಾಯ್ತು, ಕೂರೋಕೆ ಮನೆಯಿಂದ ಒಯ್ಯುತ್ತಿದ್ದ ಗೋಣಿತಟ್ಟು ಬದಲಾಗಲಿಲ್ಲ. ಹೆಸರು ಮುಚ್ಚಿಟ್ಟರೂ ಜಾತಿ ಹೋಗಲ್ಲ, ಬರೀ ಮೆರೆಸಿದರೂ ಹೋಗಲ್ಲ. ಅದರ ಬುಡಕ್ಕೇ ಕೊಡಲಿ ಹಾಕಬೇಕು ಅಂತ 1936ರಲ್ಲೇ ಅವರು ಬರೆದಿಟ್ಟಿದ್ದಾರೆ.

ಆದರೆ ನಾಚಿಕೊಂಡ ಕೈ ಕೊಡಲಿ ಹಿಡಿಯಲ್ಲ, ತಮ್ಮಂದಿರಾ. ನಾಳೆ ಯಾರಾದರೂ "ಎಂ ಅಂದ್ರೇನು?" ಅಂತ ಕೇಳಿದರೆ, "ಚೆನ್ನಯ್ಯನ ಹೆಸರು" ಅನ್ನಿ. ಆಮೇಲೆ ನೀವೊಂದು ಕೇಳಿ: "ನಿಮ್ಮೂರ ಬಾವಿಗೆ ಆ ಹೆಸರಿನವರು ಕೊಡ ಇಳಿಸಬಹುದಾ?" ಗಂಟಲು ಒಣಗಬೇಕಾದ್ದು ಯಾರದು ಅಂತ ಆಗ ಗೊತ್ತಾಗುತ್ತೆ.

ಜೈ ಭೀಮ್.